ಅಂಗೈಯಗಲದ ದೇವರು: ಹಳೆಯ ಕಂಚಿನ ಮೂರ್ತಿಗಳಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಹಳೆಯ ಕಂಚಿನ ಪುಟ್ಟ ಮೂರ್ತಿಗಳನ್ನು ಕೂಡಿಡಬೇಕೆಂಬ ಆಸೆ ಹುಟ್ಟಿದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಎಷ್ಟು ವರ್ಷ ಹಳೆಯದು?’ ಎಂದು. ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಇನ್ನೂರು ವರ್ಷದ್ದು ಸಾರ್, ದೊಡ್ಡ ಮನೆತನದಿಂದ ಬಂದಿದ್ದು.’ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದವು ಎರಡು: ಇದನ್ನು ಯಾರು, ಹೇಗೆ ಬಳಸುತ್ತಿದ್ದರು? ಅವರ ಕೈಯಿಂದ ಇಲ್ಲಿಗೆ ಹೇಗೆ ಬಂತು? ಚೋಳರ ಕಾಲದ್ದೆಂದು ಹೇಳಿ ಬೇರೇನನ್ನೂ ಹೇಳದ ನಟರಾಜನಿಗಿಂತ, ಈ ಎರಡಕ್ಕೂ ಉತ್ತರ ಇರುವ ಮುಖ ಸವೆದ ಮನೆದೇವರು ಸಂಗ್ರಹಕ್ಕೆ ಎಷ್ಟೋ ಮೇಲು. ಮುಂದೆ ಮಾಡುವ ಹೋಲಿಕೆಗಳೆಲ್ಲ ಈ ಅಳತೆಯಿಂದಲೇ.

ಇಲ್ಲಿ ನನ್ನ ಮಾತು ಕರ್ನಾಟಕ, ಮಹಾರಾಷ್ಟ್ರದ ಮನೆಗಳಲ್ಲಿ ಪೂಜೆಗೊಂಡ, ಎರಡರಿಂದ ಆರೇಳು ಅಂಗುಲದ ಮೂರ್ತಿಗಳ ಬಗ್ಗೆ. ಉತ್ತರ ಕರ್ನಾಟಕದ ಕಡೆ ಜಗಲಿಯ ಮೇಲೆ, ಹಳೆ ಮೈಸೂರಿನ ಕಡೆ ದೇವರ ಮನೆಯ ಗೂಡಿನಲ್ಲಿ ಇವು ತಲೆಮಾರುಗಟ್ಟಲೆ ಕೂತಿದ್ದವು. ಮನೆ ಪಾಲಾದಾಗ, ಹಳ್ಳಿಯ ಮನೆಗೆ ಬೀಗ ಬಿದ್ದಾಗ, ಮಕ್ಕಳು ಊರು ಬಿಟ್ಟಾಗ ಇವು ಹೊರಬೀಳುತ್ತವೆ. ಬೆರಳು ಮುರಿದ, ಆಯುಧ ಹೋದ ಮೂರ್ತಿ ಭಿನ್ನವಾಯಿತೆಂದು ಪೂಜೆಯಿಂದ ಇಳಿಯುತ್ತದೆ. ಕೆಲವರು ಹೊಳೆಗೆ ಬಿಡುತ್ತಾರೆ, ಕೆಲವರು ಗುಜರಿಗೆ ಹಾಕುತ್ತಾರೆ. ಗುಜರಿಯ ತಕ್ಕಡಿಗೆ ಬಿದ್ದದ್ದು ಕಿಲೋ ಲೆಕ್ಕದಲ್ಲಿ ಕುಲುಮೆಗೆ ಹೋಗುತ್ತದೆ. ಕಳ್ಳರು ಕದ್ದದ್ದು ಎಂದಾದರೂ ಸಿಕ್ಕೀತು, ಕರಗಿ ನಲ್ಲಿಯಾದದ್ದು ಇನ್ನು ಸಿಗುವುದಿಲ್ಲ. ಈ ಮೂರ್ತಿಗಳ ಬಗ್ಗೆ ತಿಳಿದು ಕೊಂಡುಕೊಳ್ಳುವವರು ಹೆಚ್ಚಾಗಲಿ ಎಂದು ನಾನು ಬಯಸುವುದು ಇದಕ್ಕೇ.

ವೀರಭದ್ರನ ಹಲಗೆ: ಮೊದಲ ಮೂರ್ತಿಗೆ ನನ್ನ ಆಯ್ಕೆ

ಅಂಗೈಯಗಲದ ಫಲಕ, ಮೇಲ್ತುದಿ ಕಮಾನಿನಂತೆ ಬಾಗಿದ್ದು. ನಡುವೆ ನಾಲ್ಕು ತೋಳಿನ ವೀರಭದ್ರ: ಖಡ್ಗ, ಗುರಾಣಿ, ಬಿಲ್ಲು, ಬಾಣ. ಮೊಣಕಾಲಿನವರೆಗೂ ಇಳಿದ ಮಾಲೆ, ಕಾಲಿಗೆ ಹಾವುಗೆ. ಒಂದು ಪಕ್ಕದಲ್ಲಿ ಕೈಮುಗಿದು ನಿಂತ ಕುರಿತಲೆಯ ದಕ್ಷ, ಇನ್ನೊಂದು ಪಕ್ಕದಲ್ಲಿ ಭದ್ರಕಾಳಿ. ಮೇಲೆ ಸೂರ್ಯ, ಚಂದ್ರ, ಲಿಂಗ, ನಂದಿ, ನೆತ್ತಿಯಲ್ಲಿ ಕೀರ್ತಿಮುಖ. ದಕ್ಷಯಜ್ಞದ ಕಥೆ ಪೂರ್ತಿ ಇಷ್ಟೇ ಜಾಗದಲ್ಲಿ ಕೂತಿರುತ್ತದೆ. ಎಲ್ಲ ಹಲಗೆಯಲ್ಲೂ ಎಲ್ಲವೂ ಇರುವುದಿಲ್ಲ. ಕೆಲವದರಲ್ಲಿ ಭದ್ರಕಾಳಿ ಇಲ್ಲ, ಕೆಲವದರಲ್ಲಿ ಆಯುಧಗಳ ಕೈ ಬದಲಾಗಿರುತ್ತದೆ. ಎರಕದವನು ತನ್ನ ಊರಿನ ದೇವರನ್ನು ನೋಡಿ ಮಾಡಿದ್ದು ಅದು.

ಹೊಸಬರಿಗೆ ಇದನ್ನೇ ಹೇಳುವುದು ಏಕೆಂದರೆ, ಈ ಹಲಗೆ ತನ್ನ ಬಗ್ಗೆ ತಾನೇ ಹೆಚ್ಚು ಹೇಳುತ್ತದೆ. ನನ್ನ ಕಪಾಟಿನಲ್ಲಿರುವ ಒಂದನ್ನು ಹತ್ತಿರದಿಂದ ನೋಡೋಣ. ವೀರಭದ್ರನ ಮೂಗು, ಕೆನ್ನೆ, ಹಣೆ ಸೇರಿ ಒಂದೇ ನುಣುಪಾದ ಉಬ್ಬಾಗಿವೆ. ಕಣ್ಣಿನ ಗೆರೆ ಕೈಗೆ ಸಿಗುವುದಿಲ್ಲ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುತ್ತದೆ. ಆದರೆ ಗುರಾಣಿಯ ಅಂಚಿನ ಚುಕ್ಕೆಗಳಲ್ಲಿ ಒಳಬದಿಯವು ಮೊನ್ನೆ ಕೊರೆದಂತೆ ಚೂಪಾಗಿವೆ. ಬಿಲ್ಲಿಗೂ ತೋಳಿಗೂ ನಡುವಿನ ಸಂದಿಯಲ್ಲಿ ಗಂಧ, ಕುಂಕುಮ, ಎಣ್ಣೆ ಸೇರಿ ಗಟ್ಟಿಯಾದ ಕಪ್ಪು ಪದರವಿದೆ. ಹಿಂಬದಿಯಲ್ಲಿ ಎರಡು ಕೊಂಡಿಗಳಿವೆ. ಒಂದರ ಒಳಅಂಚು ದಾರ ಉಜ್ಜಿ ಉಜ್ಜಿ ತೆಳ್ಳಗಾಗಿದೆ. ಅಂದರೆ ಇದು ಗೂಡಿನಲ್ಲಿ ಕೂತಿದ್ದ ದೇವರಲ್ಲ, ಯಾರೋ ಮೈಮೇಲೆ ಕಟ್ಟಿಕೊಂಡು ಕುಣಿದ ದೇವರು. ವೀರಗಾಸೆಯವರು, ಪುರವಂತರು ಹಲಗೆ ಕಟ್ಟಿ ಖಡ್ಗ ಝಳಪಿಸುತ್ತಾ ಒಡಪು ಹೇಳುವುದನ್ನು ನೋಡಿದವರಿಗೆ ಆ ತೆಳುವಾದ ಕೊಂಡಿ ಏನೆಂದು ವಿವರಿಸಬೇಕಿಲ್ಲ. ಅದು ಎಷ್ಟನೇ ಶತಮಾನದ್ದೆಂದು ನನಗೆ ಹೇಳಿದವರ ಮಾತನ್ನು ನಾನು ಬರೆದಿಟ್ಟಿಲ್ಲ, ಆ ಕೊಂಡಿಯ ಬಗ್ಗೆ ಬರೆದಿಟ್ಟಿದ್ದೇನೆ.

ಇದೇ ಜಾಗದಲ್ಲಿ ನಕಲನ್ನೂ ಹಿಡಿಯಬಹುದು. ಹಳೆಯ ಹಲಗೆಯಿಂದ ಅಚ್ಚು ತೆಗೆದು ಮತ್ತೆ ಎರಕ ಹೊಯ್ದ ಪ್ರತಿಗಳು ಪೇಟೆಯಲ್ಲಿವೆ. ಅಂಥ ಪ್ರತಿಯಲ್ಲೂ ಮುಖ ಮಸುಕಾಗಿರುತ್ತದೆ, ನೋಡಿದ ಕೂಡಲೇ ‘ಸವೆದಿದೆ’ ಅನ್ನಿಸುತ್ತದೆ. ಆದರೆ ಅದರಲ್ಲಿ ಉಬ್ಬೂ ಮಸುಕು, ತಗ್ಗೂ ಮಸುಕು. ಪೂಜೆಯ ಕೈ ತಗ್ಗನ್ನು ಮುಟ್ಟುವುದಿಲ್ಲ. ಅಭಿಷೇಕದ ನೀರು, ಹುಣಸೆಹಣ್ಣು, ತೊಳೆದು ಒರೆಸುವ ಬಟ್ಟೆ ಇವೆಲ್ಲ ಮೂಗು, ಹೊಟ್ಟೆ, ಮೊಣಕಾಲುಗಳನ್ನು ತಿನ್ನುತ್ತವೆ. ಕಂಕುಳಿನ ಸಂದು, ಪ್ರಭಾವಳಿಯ ಹಿಂದಿನ ಮೂಲೆ ಹಾಗೇ ಉಳಿಯುತ್ತವೆ. ಎರಡೂ ಒಂದೇ ಹದದಲ್ಲಿ ಮಂಕಾಗಿದ್ದರೆ ಆ ಹಲಗೆಯನ್ನು ಕೆಳಗಿಡಿ.

ಮೈಲಾರಲಿಂಗ, ಬಾಲಕೃಷ್ಣ

ಕುದುರೆ ಏರಿದ ಮೈಲಾರಲಿಂಗ ನೋಡಲು ವೀರಭದ್ರನ ಹಲಗೆಗಿಂತ ಚೆಂದ. ಪೂರ್ತಿ ದುಂಡುಶಿಲ್ಪ, ಕತ್ತಿ ಎತ್ತಿದ ಕೈ, ಜೊತೆಗೆ ಹೆಂಡತಿ, ಕೆಳಗೆ ನಾಯಿ. ಮಹಾರಾಷ್ಟ್ರದಲ್ಲಿ ಜೇಜುರಿಯ ಖಂಡೋಬ ಮತ್ತು ಮ್ಹಾಳಸಾ. ನಮ್ಮಲ್ಲಿ ಹಡಗಲಿ ಕಡೆಯ ಮೈಲಾರ, ರಾಣೆಬೆನ್ನೂರು ಕಡೆಯ ದೇವರಗುಡ್ಡದ ಮೈಲಾರಲಿಂಗ ಮತ್ತು ಗಂಗಿಮಾಳವ್ವ. ಕೆಲವದರಲ್ಲಿ ಕುದುರೆಯ ಗೊರಸಿನ ಕೆಳಗೆ ಅಸುರನ ತಲೆಯೂ ಇರುತ್ತದೆ. ಮೈಲಾರಲಿಂಗ ಕೊಂದ ಮಲ್ಲಾಸುರ, ಮಣಿಕಾಸುರರ ಕಥೆ ಗೊತ್ತಿದ್ದವರಿಗೆ ಅದು ಸಣ್ಣ ವಿವರವಲ್ಲ.

ತೊಂದರೆ ಏನೆಂದರೆ ಇದರ ಸೊಬಗು ನಕಲು ಮಾಡುವವರಿಗೂ ಗೊತ್ತು. ದುಂಡುಶಿಲ್ಪವಾದ್ದರಿಂದ ಮುರಿಯುವ ಜಾಗಗಳೂ ಹೆಚ್ಚು: ಕತ್ತಿ, ಕುದುರೆಯ ಕಿವಿ, ಬಾಲ. ಬೇರೆ ಪೀಠಕ್ಕೆ ಬೆಸುಗೆ ಹಾಕಿದ ಕುದುರೆಗಳು ಸಾಕಷ್ಟು ಬರುತ್ತವೆ. ಗೊರಸಿನ ಸುತ್ತ ಬೇರೆ ಬಣ್ಣದ ಲೋಹದ ಗೆರೆ ಕಂಡರೆ ವಿಚಾರಿಸಿ. ಹಳೆಯ ರಿಪೇರಿ ತಪ್ಪಲ್ಲ, ಪೂಜಿಸುವವರೇ ಅಕ್ಕಸಾಲಿಗನಿಂದ ಮಾಡಿಸಿರಬಹುದು. ಹಾಗಿದ್ದರೆ ಬೆಸುಗೆಯೂ ಮೂರ್ತಿಯಷ್ಟೇ ಸವೆದಿರಬೇಕು. ಇನ್ನೊಂದು ಒಳ್ಳೆಯ ಗುರುತು ಭಂಡಾರ. ಏಳುಕೋಟಿಯ ಭಕ್ತರ ಮನೆಯಲ್ಲಿ ಅರಿಶಿನದ ಪುಡಿ ಮೂರ್ತಿಯ ಮೇಲೆ ಬಿದ್ದು ಬಿದ್ದು, ಜೀನಿನ ಕೆಳಗೆ, ಕುದುರೆಯ ಹೊಟ್ಟೆಯಡಿ ಎಣ್ಣೆಯೊಂದಿಗೆ ಸೇರಿ ಕಂದುಹಳದಿ ಗಟ್ಟಿಯಾಗಿರುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವ ಹಳದಿ ನಿನ್ನೆಯದು. ಮೊದಲ ಕೊಳ್ಳುವಿಕೆಗೆ ಮೈಲಾರ ಬೇಡ. ನಾಲ್ಕಾರು ಹಲಗೆ ಕೈಯಲ್ಲಿ ಹಿಡಿದು ನೋಡಿದ ಮೇಲೆ ಅವನನ್ನು ಹುಡುಕಿಕೊಂಡು ಹೋಗಿ.

ಬಾಲಕೃಷ್ಣ ಎಲ್ಲರಿಗೂ ಬೇಕಾದವನು, ಅದಕ್ಕೇ ಎಲ್ಲರಿಗಿಂತ ಹೆಚ್ಚು ನಕಲಾದವನು. ಬಲಗೈಯಲ್ಲಿ ಬೆಣ್ಣೆಯುಂಡೆ, ಎಡಗೈ ನೆಲಕ್ಕೂರಿ, ಮೊಣಕಾಲಿನ ಮೇಲೆ ಅಂಬೆಗಾಲಿಡುವ ಕೃಷ್ಣನನ್ನು ತಿರುಗಿಸಿ ಅಡಿಯನ್ನು ನೋಡಿ. ಪೀಠವಿಲ್ಲದೆ ತಟ್ಟೆಯ ಮೇಲೋ ಕಲ್ಲಿನ ಮೇಲೋ ಕೂತಿದ್ದ ಹಳೆಯ ಮೂರ್ತಿಯ ಎಡ ಅಂಗೈ, ಎರಡು ಮೊಣಕಾಲು ಚಪ್ಪಟೆಯಾಗಿ ಕನ್ನಡಿಯಂತೆ ಹೊಳೆಯುತ್ತವೆ. ಮೂರೂ ಒಂದೇ ಸಮತಲದಲ್ಲಿರುತ್ತವೆ, ಏಕೆಂದರೆ ಅವನ್ನು ಸಮ ಮಾಡಿದ್ದು ನೆಲ. ಹೊಸದರಲ್ಲಿ ಅವು ದುಂಡಗಿರುತ್ತವೆ, ಇಲ್ಲವೇ ಅರ ಹಾಕಿ ಚಪ್ಪಟೆ ಮಾಡಿದ ಸಾಲುಗೆರೆಗಳು ಭೂತಗನ್ನಡಿಯಲ್ಲಿ ಕಾಣುತ್ತವೆ. ಹತ್ತು ಪಟ್ಟು ದೊಡ್ಡದು ತೋರಿಸುವ, ಒಡವೆ ಅಂಗಡಿಯವರು ಬಳಸುವ ಮಸೂರ ಸಾಕು. ಅದಿಲ್ಲದೆ ಬಾಲಕೃಷ್ಣನನ್ನು ಕೊಳ್ಳಲು ಹೋಗಬೇಡಿ.

ಕಡಿಮೆ ಖರ್ಚಿನಲ್ಲಿ ಶುರು ಮಾಡಬೇಕೆಂದರೆ ಪೂಜೆಯ ಗಂಟೆ, ದೀಪಗಳಿವೆ. ಗಂಟೆಯ ಹಿಡಿಯ ತುದಿಯಲ್ಲಿ ವೈಷ್ಣವರ ಮನೆಯದಾದರೆ ಗರುಡ, ಹನುಮಂತ, ಶೈವರದಾದರೆ ನಂದಿ. ದೀಪದ ಹಿಂದಲೆಯಲ್ಲಿ ಗಜಲಕ್ಷ್ಮಿ. ಇವುಗಳಲ್ಲಿ ಸಣ್ಣ ಸಣ್ಣ ಮೂರ್ತಿಗಳಾಗಿಯೇ ನೋಡಬಹುದಾದ ಕೆಲಸವಿದೆ, ದಿನಬಳಕೆಯ ಗುರುತುಗಳೂ ಸುಲಭವಾಗಿ ಓದಲು ಸಿಗುತ್ತವೆ: ಬತ್ತಿಯ ಬಾಯಿ ಸುಟ್ಟು ಕರಿಗಟ್ಟಿರುವುದು, ನಾಲಗೆ ಬಡಿಯುವ ಜಾಗದಲ್ಲಿ ಗಂಟೆಯ ಒಳಅಂಚು ತಗ್ಗಾಗಿರುವುದು. ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ತಾರೀಖು ಬರೆದಿರುವ ಮೂರ್ತಿ

ವಯಸ್ಸು ಖಚಿತವಾಗಿ ಗೊತ್ತಿರಲೇಬೇಕು ಎನ್ನುವವರ ಕಣ್ಣು ಗುಜರಾತ್, ರಾಜಸ್ಥಾನದ ಶ್ವೇತಾಂಬರ ಜೈನರ ಪುಟ್ಟ ಕಂಚುಗಳ ಮೇಲೆ ಹೋಗುತ್ತದೆ. ನಡುವೆ ತೀರ್ಥಂಕರ, ಸುತ್ತ ಇನ್ನು ನಾಲ್ವರು, ಅಕ್ಕಪಕ್ಕ ಯಕ್ಷ ಯಕ್ಷಿಯರು, ಕಣ್ಣಿಗೆ ಎದೆಗೆ ಬೆಳ್ಳಿಯ ಕುಸುರಿ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಸಂವತ್ಸರ, ಮಾಡಿಸಿದವರ ಮನೆತನ, ಪ್ರತಿಷ್ಠೆ ಮಾಡಿದ ಆಚಾರ್ಯರ ಹೆಸರು. ವಿಕ್ರಮ ಸಂವತ್ತಿನಿಂದ 57 ಕಳೆದರೆ ನಮ್ಮ ಇಸವಿ ಸುಮಾರಾಗಿ ಸಿಗುತ್ತದೆ: ಸಂವತ್ 1535 ಎಂದಿದ್ದರೆ 1478. ಬೇರಾವ ಸಣ್ಣ ಮೂರ್ತಿಯೂ ತನ್ನ ಹುಟ್ಟನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಆದರೂ ನನ್ನ ಸಲಹೆ, ಇದು ಬೇಡ. ಆ ಬರಹವೇ ಹೇಳುವಂತೆ ಇಂಥ ಪ್ರತಿಯೊಂದೂ ಪ್ರತಿಷ್ಠೆಯಾಗಿ ಒಂದು ಬಸದಿಗೋ ಮನೆಯೊಳಗಿನ ಪುಟ್ಟ ಜಿನಾಲಯವಾದ ಮನೆ ದೇರಾಸರಕ್ಕೋ ಸೇರಿದ್ದು. ಅಲ್ಲಿಂದ ಅಂಗಡಿಗೆ ಬಂದ ದಾರಿಯನ್ನು ಹೇಳಬಲ್ಲ ಕಾಗದ ತೀರಾ ಅಪರೂಪ. ಮೇಲಾಗಿ ಹಳೆಯ ಮೂರ್ತಿಯ ಮೇಲೆ ಹೊಸದಾಗಿ ಕೊರೆದ ಅಕ್ಷರಗಳೂ ಇವೆ. ಮೈ ನುಣುಪಾಗಿ ಸವೆದಿದ್ದು ಅಕ್ಷರದ ಅಂಚು ಮಾತ್ರ ಚೂಪಾಗಿದ್ದರೆ ಅಕ್ಷರ ಆಮೇಲಿನದು. ನಮ್ಮ ಕಡೆಯ ದಿಗಂಬರ ಜೈನ ಮೂರ್ತಿಗಳ ವಿಚಾರದಲ್ಲೂ ಇದೇ ಎಚ್ಚರ ಬೇಕು. ಅವುಗಳ ಚೆಲುವು ನೋಡಲು ಮೂಡುಬಿದಿರೆಯ ಬಸದಿಗಳಿವೆ.

ಕೈಯೇ ಹಾಕಬಾರದವು

ಪೀಠದ ಎರಡೂ ಬದಿ ಬಳೆಯಂಥ ಕೊಂಡಿ ಇದ್ದರೆ, ಪೀಠದ ಮೂಲಕ ಕೋಲು ಹಾಯಿಸುವ ತೂತು ಇದ್ದರೆ ಅದು ಪಲ್ಲಕ್ಕಿಗೆ ಬಿಗಿಯುತ್ತಿದ್ದ ಉತ್ಸವಮೂರ್ತಿ. ಎಷ್ಟೇ ಚಿಕ್ಕದಿರಲಿ, ಅದು ಒಂದು ಊರಿನ ಸ್ವತ್ತು. ಕಣಕಾಲಿನ ಹತ್ತಿರ ಹೊಸದಾಗಿ ಮುರಿದು ಪೀಠದಿಂದ ಕಿತ್ತಂತಿರುವ ಮೂರ್ತಿಯೂ ಅಷ್ಟೇ.

ದೊಡ್ಡ ವಸ್ತುಸಂಗ್ರಹಾಲಯಗಳೇ ಇಲ್ಲಿ ಎಡವಿವೆ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಕೊಂಡಿತು, 2014ರಲ್ಲಿ ಭಾರತಕ್ಕೆ ಹಿಂದಿರುಗಿಸಬೇಕಾಯಿತು. ಅದನ್ನು ಮಾರಿದ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಸೆರೆಸಿಕ್ಕು, 2022ರಲ್ಲಿ ಕುಂಭಕೋಣಂ ನ್ಯಾಯಾಲಯದಿಂದ ಹತ್ತು ವರ್ಷದ ಶಿಕ್ಷೆಗೆ ಒಳಗಾದ. ಆ ನಟರಾಜನ ಗುರುತು ಸಿಕ್ಕಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಮೊದಲೇ ತೆಗೆದಿಟ್ಟಿದ್ದ ದೇವಾಲಯದ ಫೋಟೋದಿಂದ. ಹಳ್ಳಿ ಗುಡಿಯ ಗೇಣುದ್ದದ ದೇವಿಗೆ ಇಂಥ ಫೋಟೋ ಇರುವುದಿಲ್ಲ. ಅಂದರೆ ಕಳುವಾದದ್ದನ್ನು ಗುರುತು ಹಿಡಿಯುವ ಹೊಣೆ ಬಹುಪಾಲು ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಕಿಲುಬು ಏನು ಹೇಳುತ್ತದೆ

ಹಸಿರು ಕಿಲುಬು ಕಂಡರೆ ಬಹಳ ಹಳೆಯದೆಂದು ನಂಬುವವರು ತುಂಬಾ ಜನ. ಮನೆದೇವರ ವಿಚಾರದಲ್ಲಿ ಇದು ಸಂಪೂರ್ಣ ತಲೆಕೆಳಗು. ಹಬ್ಬಹಬ್ಬಕ್ಕೆ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ಮೂರ್ತಿಗೆ ದಪ್ಪ ಹಸಿರು ಪದರ ಬರುವುದು ಹೇಗೆ? ಅದರ ಬಣ್ಣ ಜೇನಿನದು, ಕಂದು, ಸಂದಿನಲ್ಲಿ ಕಪ್ಪು. ದಪ್ಪ ಹಸಿರು ಇದ್ದರೆ ಅದು ನೆಲದಲ್ಲಿ ಹೂತಿದ್ದಿರಬೇಕು, ಇಲ್ಲವೇ ಆಸಿಡ್ಡು, ಉಪ್ಪು, ಸಗಣಿ ಮಣ್ಣಿನಲ್ಲಿ ಕೆಲವು ವಾರ ಮಲಗಿಸಿದ್ದಿರಬೇಕು. ನಿಜವಾಗಿ ನೆಲದಿಂದ ಬಂದದ್ದಾದರೆ ಹಸಿರಿನ ಅಡಿಯಲ್ಲಿ ಕೆಂಪುಗಂದು ಪದರ ಕಾಣುತ್ತದೆ, ಹಸಿರು ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಕೃತಕವಾದದ್ದು ಬಿಸಿನೀರಿಗೋ ಅಸಿಟೋನಿಗೋ ಹತ್ತಿಯ ಮೇಲೆ ಇಳಿದು ಬರುವುದುಂಟು, ತಗ್ಗು ಉಬ್ಬು ಎನ್ನದೆ ಒಂದೇ ಬಣ್ಣವಿರುತ್ತದೆ.

ಎರಡರಲ್ಲಿ ಯಾವುದಾದರೂ ಕೊಳ್ಳಬೇಡಿ. ಕೃತಕವಾದರೆ ಮೋಸ. ನಿಜವಾದರೆ, ನೆಲದಲ್ಲಿ ಸಿಕ್ಕ ಬೆಲೆಬಾಳುವ ಹಳೆಯ ವಸ್ತುವಿನ ಬಗ್ಗೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕೆಂದು 1878ರಷ್ಟು ಹಿಂದಿನಿಂದಲೇ ಕಾನೂನಿದೆ; ಅಂಥದ್ದು ಅಂಗಡಿಯಲ್ಲಿ ಇರುವುದೇ ತಪ್ಪು.

ಕಂಚೋ ಹಿತ್ತಾಳೆಯೋ ಎಂಬ ಚಿಂತೆಗೆ ಇಷ್ಟು ತಲೆ ಕೊಡಬೇಕಿಲ್ಲ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ; ಮನೆದೇವರುಗಳಲ್ಲಿ ಎರಡೂ, ಎರಡರ ಮಿಶ್ರಣವೂ ಧಾರಾಳ. ಪಂಚಲೋಹ ಎಂದು ಮಾರುವಾಗ ಚಿನ್ನದ ಆಸೆ ಹುಟ್ಟಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ದಕ್ಷಿಣದ ಮೂರ್ತಿಗಳ ಲೋಹವನ್ನು ಪರೀಕ್ಷಿಸಿ ತೋರಿಸಿದಂತೆ ಅವು ಮುಖ್ಯವಾಗಿ ತಾಮ್ರ, ತವರ, ಸೀಸದ ಮಿಶ್ರಣ. ಚಿನ್ನ ಬೆಳ್ಳಿ ಇದ್ದರೂ ಲೆಕ್ಕಕ್ಕೆ ಬಾರದಷ್ಟು. ಒಡವೆ ಅಂಗಡಿಯ ಚಿನ್ನ ಪರೀಕ್ಷಿಸುವ ಯಂತ್ರದಲ್ಲಿ ಮೂರ್ತಿ ಇಟ್ಟು ಅಂಕಿ ತೋರಿಸುವವರಿದ್ದಾರೆ. ಅದು ಮೇಲ್ಮೈಯನ್ನಷ್ಟೇ ಓದುತ್ತದೆ, ವಯಸ್ಸನ್ನಂತೂ ಹೇಳುವುದಿಲ್ಲ.

ಹಳೆಯದೇ ಬೇಕೆ, ಹೊಸ ಎರಕ ಸಾಲದೆ?

ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿಕೊಳ್ಳುವುದೇ ಇಲ್ಲ. ಕುಂಭಕೋಣದ ಪಕ್ಕದ ಸ್ವಾಮಿಮಲೈಯಲ್ಲಿ ಸ್ಥಪತಿಗಳು ಇಂದಿಗೂ ಮೇಣದ ಮೂರ್ತಿ ಮಾಡಿ, ಕಾವೇರಿಯ ನಯವಾದ ಮೆಕ್ಕಲು ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಲೋಹ ಹೊಯ್ಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿ ತೆಗೆಯಬೇಕಾದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಇದೇ ವಿಧಾನವನ್ನು ಕಲ್ಯಾಣಿ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ. ಮೇಣವನ್ನು ತೂಗಿ, ಅದರಿಂದ ಎಷ್ಟು ಲೋಹ ಬೇಕೆಂದು ಲೆಕ್ಕ ಹಾಕುವುದನ್ನೂ ಹೇಳಿದ್ದಾನೆ. ನಮ್ಮ ನೆಲದ ದೊರೆಯೊಬ್ಬ ಬರೆಸಿಟ್ಟ ಕ್ರಮದಲ್ಲಿ ಇವತ್ತು ಮಾಡಿಸಿಕೊಂಡ ಮೂರ್ತಿಯನ್ನು ಎರಡನೇ ದರ್ಜೆಯೆಂದು ನಾನು ಒಪ್ಪುವುದಿಲ್ಲ. ಲೋಹದ ಕೆಲಸಕ್ಕೆ ಹಿಂದಿನಿಂದ ಹೆಸರಾದ ನಾಗಮಂಗಲದ ಕಡೆಯೂ ವಿಚಾರಿಸಬಹುದು.

ಹೊಸದನ್ನು ಆರಿಸುವವರು ಮೇಣದ ಎರಕವನ್ನೂ ಮರಳಚ್ಚಿನ ಎರಕವನ್ನೂ ಬೇರ್ಪಡಿಸಿ ನೋಡಬೇಕು. ಅಲಿಗಢ, ಮೊರಾದಾಬಾದ್ ಕಡೆಯಿಂದ ರಾಶಿ ರಾಶಿ ಬರುವ ಹಿತ್ತಾಳೆ ಮೂರ್ತಿಗಳಲ್ಲಿ ಹೆಚ್ಚಿನವು ಒಂದೇ ಮಾದರಿಯ ಪ್ರತಿಗಳು. ಬದಿಯಲ್ಲಿ ಎರಡು ಅಚ್ಚು ಕೂಡಿದ ಗೆರೆ, ತಗ್ಗುಗಳಲ್ಲಿ ಮರಳಿನ ಹರಳು ಹರಳಾದ ಮೈ, ಅಡಿಯಲ್ಲಿ ಟೊಳ್ಳು. ಅವು ಕೆಟ್ಟವಲ್ಲ, ಪೂಜೆಗೆ ಧಾರಾಳ ಸಾಕು. ಅವನ್ನೇ ಕಪ್ಪು ಬಳಿದು ‘ಆ್ಯಂಟಿಕ್’ ಎನ್ನುವುದು ತಪ್ಪು. ದಕ್ಷಿಣದ ಸಣ್ಣ ಮೂರ್ತಿಗಳು ಸಾಮಾನ್ಯವಾಗಿ ಗಟ್ಟಿ ಎರಕ. ಕೈಯಲ್ಲಿ ಹಿಡಿದಾಗ ಕಣ್ಣು ಅಂದಾಜು ಮಾಡಿದ್ದಕ್ಕಿಂತ ಭಾರ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು? ದೇವರ ಮನೆಯಲ್ಲಿಟ್ಟು ಪೂಜಿಸಬೇಕು, ಮೂಗು ಕಣ್ಣು ತಿದ್ದಿದಂತಿರಬೇಕು ಎನ್ನುವವರು ಸ್ವಾಮಿಮಲೈಗೆ ಹೋಗಿ ಹೇಳಿ ಮಾಡಿಸಲಿ. ಅಂಗಡಿಯವನು ಕಾಗದ ಕೊಡಲಾರ, ಬಂದ ಊರು ಹೇಳಲಾರ ಎಂದಾದರೂ ಹೊಸದೇ ಸರಿ. ಜಾನಪದದ ಕೈ, ಬಳಕೆಯ ಗುರುತು, ಒಂದು ಸೀಮೆಯ ನಂಬಿಕೆ ಇವುಗಳಲ್ಲಿ ಆಸಕ್ತಿ ಇರುವವರಿಗೆ ಮಾತ್ರ ಹಳೆಯದು. ಹೂಡಿಕೆಗೆಂದು ಬರುವವರಿಗೆ ನಾನು ಯಾವುದನ್ನೂ ಹೇಳುವುದಿಲ್ಲ. ಹಳೆಯ ಮೂರ್ತಿಯನ್ನು ದೇಶದಿಂದ ಹೊರಗೆ ಮಾರುವಂತಿಲ್ಲ, ಒಳಗೆ ಮಾರಲೂ ನಿಯಮಗಳಿವೆ. ಬೇಕೆಂದಾಗ ದುಡ್ಡಾಗುವ ವಸ್ತು ಇದಲ್ಲ.

ಎಲ್ಲಿ, ಯಾವ ಕಾಗದದೊಂದಿಗೆ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಕೊಚ್ಚಿಯ ಮಟ್ಟಾಂಚೇರಿಯ ಜ್ಯೂ ಟೌನ್, ಚೆಟ್ಟಿನಾಡಿನ ಕಾರೈಕುಡಿಯ ಹಳೇ ಸಾಮಾನಿನ ಬೀದಿ: ಮೂರೂ ಕಡೆ ನೋಡಲು ಬೇಕಾದಷ್ಟಿದೆ, ಹಳೆಯದು ಹೊಸದು ಒಂದೇ ಕಪಾಟಿನಲ್ಲಿ ಕಲಸಿಕೊಂಡಿವೆ. ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳ ಹಳೇ ಪಾತ್ರೆ ಅಂಗಡಿಗಳಲ್ಲಿ ಬೆಲೆ ಕಡಿಮೆ, ಮೂರ್ತಿಗಳೂ ನಿಜವಾಗಿ ಮನೆಗಳಿಂದ ಬಂದವೇ ಹೆಚ್ಚು. ಆದರೆ ಅಲ್ಲಿ ಕಾಗದ ಸಿಗುವುದಿಲ್ಲ. ಪರವಾನಗಿ ಇರುವ ವ್ಯಾಪಾರಿಯ ಬಳಿ, ಹೆಸರಾಂತ ಹರಾಜಿನಲ್ಲಿ ಬೆಲೆ ಏರುತ್ತದೆ, ಕಾಗದ ಸಿಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ನೇರವಾಗಿ ಮನೆಯವರಿಂದ ಪಡೆಯುವುದು. ಯಾವ ಊರು, ಯಾವ ಮನೆದೇವರು, ಯಾವ ಹಬ್ಬಕ್ಕೆ ಏನು ಎಡೆ ಎಂದು ಅಜ್ಜಿಯೊಬ್ಬರು ಹೇಳುವುದನ್ನು ಯಾವ ಹರಾಜಿನ ಪುಸ್ತಕವೂ ಅಚ್ಚು ಹಾಕುವುದಿಲ್ಲ. ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಕೊಟ್ಟವರ ಸಹಿ ಹಾಕಿಸಿಕೊಳ್ಳಿ, ಮೂರ್ತಿಯ ಮುಂದೆ, ಹಿಂದೆ, ಅಡಿಯ ಫೋಟೋ ತೆಗೆದು ಅದರ ಜೊತೆ ಇಡಿ.

ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. 1972ರ ಪುರಾತನ ವಸ್ತುಗಳ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಲೋಹದ ಮೂರ್ತಿ ಅದರ ಪ್ರಕಾರ ಪುರಾತನ ವಸ್ತು. ಇಟ್ಟುಕೊಳ್ಳುವುದು ಅಪರಾಧವಲ್ಲ, ನೋಂದಣಿ ಮಾಡಿಸದಿರುವುದು 
ಅಪರಾಧ. ಹೊಸದಾಗಿ ಕೈಗೆ ಬಂದದ್ದಕ್ಕೆ 15 ದಿನದೊಳಗೆ ನೋಂದಣಿ ಅಧಿಕಾರಿಗೆ ಅರ್ಜಿ ಹಾಕಬೇಕು. ನೋಂದಣಿಯಾದದ್ದನ್ನು ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಇವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಕಡ್ಡಾಯ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಇಲ್ಲೊಂದು ಒಳ್ಳೆಯ ಪರೀಕ್ಷೆಯೂ ಇದೆ. ‘ಇನ್ನೂರು ವರ್ಷದ್ದು’ ಎಂದವರನ್ನು ‘ಹಾಗಾದರೆ ನೋಂದಣಿ ಪತ್ರ ಕೊಡಿ’ ಎಂದು ಕೇಳಿ. ಮೂರ್ತಿಯ ವಯಸ್ಸು ಒಮ್ಮೆಲೇ ಎಂಬತ್ತಕ್ಕೆ ಇಳಿದರೆ ಬೆಲೆಯೂ ಅಷ್ಟೇ ಇಳಿಯಬೇಕು.

ಕೊಳ್ಳುವ ಮೊದಲು ನೋಡುವುದಕ್ಕೆ ಸಮಯ ಕೊಡಿ. ಮಂಗಳೂರಿನ ಕದ್ರಿ ದೇವಾಲಯದಲ್ಲಿ ಆಳುಪ ದೊರೆ ಕುಂದವರ್ಮನ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಅದು ಆಳೆತ್ತರದ ಹತ್ತಿರದ್ದು, ನಮ್ಮ ಅಂಗೈ ದೇವರುಗಳ ಅಳತೆಯದಲ್ಲ. ಆದರೂ ಕಂಚಿನಲ್ಲಿ ಬೆರಳು, ತುಟಿ, ಬಟ್ಟೆಯ ಮಡಿಕೆ ಹೇಗಿರಬಲ್ಲವು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ. ಸಣ್ಣವನ್ನು ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ಇವೆ. ಚೆನ್ನೈಗೆ ಹೋದವರು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಕಂಚಿನ ವಿಭಾಗಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ತಂದ ಮೇಲೆ ತಿಕ್ಕಬೇಡಿ. ಹುಣಸೆಹಣ್ಣು, ಪೀತಾಂಬರಿ ಪುಡಿ ಎರಡೂ ನೀವು ದುಡ್ಡು ಕೊಟ್ಟು ತಂದ ಗುರುತುಗಳನ್ನೇ ತೆಗೆದುಹಾಕುತ್ತವೆ. ಪೂಜೆಗೆ ಇಡುವುದಾದರೆ ಮಾತು ಬೇರೆ, ಆಗ ಅದು ಮತ್ತೆ ದೇವರು, ಸವೆಯುವುದು ಅದರ ಪಾಡು. ಕಪಾಟಿಗೆ ಇಡುವುದಾದರೆ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ತಿಳಿಹಸಿರಿನ ಪುಡಿಪುಡಿ ಚುಕ್ಕೆ ಕಂಡು ಅದು ವಾರದಿಂದ ವಾರಕ್ಕೆ ಹಬ್ಬುತ್ತಿದ್ದರೆ ಅದು ಕ್ಲೋರೈಡಿನಿಂದ ಬರುವ ಕಂಚಿನ ರೋಗ. ಕರಾವಳಿಯವರಿಗೆ, ಮಳೆಗಾಲದಲ್ಲಿ ಎಲ್ಲರಿಗೂ, ಇದರ ಭಯ ಇದ್ದದ್ದೇ. ಆ ಮೂರ್ತಿಯನ್ನು ಉಳಿದವುಗಳಿಂದ ಬೇರೆ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಹೊರದೇಶದಲ್ಲಿರುವ ಕನ್ನಡಿಗರು ಕೇಳುವುದು ಹೆಚ್ಚಾಗಿ ಒಂದೇ: ಅಜ್ಜಿಯ ಮನೆದೇವರನ್ನು ಜೊತೆಗೆ ಒಯ್ಯಬಹುದೇ? ನೂರು ವರ್ಷ ದಾಟಿದ್ದರೆ ಒಯ್ಯುವಂತಿಲ್ಲ. ಮನೆಯದೇ ಆಗಿರಲಿ, ಉಡುಗೊರೆಯೇ ಆಗಿರಲಿ. ಮೀರಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆ. ಅಷ್ಟು ಹಳೆಯದಲ್ಲದೆ ನೋಡಲು ಮಾತ್ರ ಹಳೆಯದಂತಿದ್ದರೆ ಪುರಾತತ್ತ್ವ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಮೊದಲೇ ಪಡೆದು, ಮೂರ್ತಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಲಂಡನ್, ನ್ಯೂಯಾರ್ಕಿನ ಹರಾಜಿನಲ್ಲಿ ಕೊಳ್ಳುವವರು ಅದು ಭಾರತ ಬಿಟ್ಟದ್ದು ಯಾವಾಗ ಎಂಬುದಕ್ಕೆ ಲಿಖಿತ ಪುರಾವೆ ಕೇಳಿ. ಭಾರತ ಮತ್ತು ಅಮೆರಿಕ 2024ರ ಜುಲೈನಲ್ಲಿ ಸಾಂಸ್ಕೃತಿಕ ಸ್ವತ್ತಿನ ಒಪ್ಪಂದಕ್ಕೆ ಸಹಿ ಹಾಕಿವೆ, ಅಲ್ಲಿನ ಗಡಿಯಲ್ಲಿ ಕೇಳುವ ಪ್ರಶ್ನೆಗಳು ಇನ್ನು ಹೆಚ್ಚೇ ಆಗುತ್ತವೆ. ಒಯ್ಯಲಾಗದ ಮನೆದೇವರನ್ನು ಊರಲ್ಲಿರುವ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಯಲ್ಲಿ ಇರಿಸಿ, ಇಟ್ಟುಕೊಳ್ಳುವವರ ಹೆಸರಿನಲ್ಲೇ ನೋಂದಣಿ ಮಾಡಿಸಿ. ಆ ಮನೆಯಲ್ಲಿ ದಿನಾ ಒಂದು ಹೂವು ಇಡುವವರು ಸಿಕ್ಕರಂತೂ ಗುಜರಿಯ ಭಯವೂ ಇಲ್ಲ.